ಪ್ರತಿಕ್ರಿಯೆ: ಫ್ರೆಡರಿಕ್ ಲೂಥರನನ್ನು ಕಾಪಾಡಿದ್ದೇಕೆ?

ಸ್ವತಃ ಕ್ಯಾಥೊಲಿಕ್ ಆಗಿದ್ದ ಜರ್ಮನಿಯ ಸ್ಯಾಕ್ಸನಿ ಸೀಮೆಯ ದೊರೆ ಫ್ರೆಡರಿಕ್, ಕ್ಯಾಥೊಲಿಕ್ ಚರ್ಚಿನ ವಿರುದ್ಧ ದನಿಯೆತ್ತಿದ ಪಾದ್ರಿ ಮಾರ್ಟಿನ್ ಲೂಥರನಂಥ ಬಂಡಾಯಗಾರನನ್ನು ಏಕೆ ಕಾಪಾಡಿದ ಎಂದು ನೀವು ಕೇಳಿದ್ದೀರಿ. ಉತ್ತರದ ದೊಡ್ಡ ಪಾಲು ಹಣ ಮತ್ತು ಅಧಿಕಾರದ ಲೆಕ್ಕದಲ್ಲಿದೆ ಎಂಬುದು ನನ್ನ ಅಭಿಪ್ರಾಯ.

1517ರಲ್ಲಿ ಲೂಥರ್ ವಿರೋಧಿಸಿದ ಪಾಪಪರಿಹಾರ ಪತ್ರಗಳ (ಹಣ ಕೊಟ್ಟರೆ ಪಾಪದ ಶಿಕ್ಷೆ ತಗ್ಗುತ್ತದೆಂದು ಚರ್ಚು ಕೊಡುತ್ತಿದ್ದ ಪತ್ರಗಳು) ಮಾರಾಟದ ಹಿಂದೆ ಮೈಂಟ್ಸ್‌ನ ಆರ್ಚ್‌ಬಿಷಪ್ ಆಲ್ಬ್ರೆಕ್ಟ್ ಇದ್ದ. ಆ ಪದವಿಗಾಗಿ ರೋಮಿಗೆ ತೆರಬೇಕಾದ ಹಣವನ್ನು ಅವನು ಫುಗ್ಗರ್ ಮನೆತನದ ಲೇವಾದೇವಿಗಾರರಿಂದ ಸಾಲ ತಂದಿದ್ದರಿಂದ, ಪತ್ರಗಳ ಆದಾಯದಲ್ಲಿ ಅರ್ಧ ಆ ಸಾಲಕ್ಕೂ ಇನ್ನರ್ಧ ರೋಮಿನ ಸಂತ ಪೀಟರರ ಚರ್ಚಿನ ಕಟ್ಟಡಕ್ಕೂ ಮೀಸಲಾಗಿತ್ತು. ಆಲ್ಬ್ರೆಕ್ಟನದು ಬ್ರಾಂಡೆನ್‌ಬುರ್ಗ್‌ನ ರಾಜಮನೆತನ. ಅದು ಫ್ರೆಡರಿಕ್‌ನ ಮನೆತನದ ಪ್ರತಿಸ್ಪರ್ಧಿ. ಫ್ರೆಡರಿಕ್ ತನ್ನ ಸೀಮೆಯಲ್ಲಿ ಆ ಮಾರಾಟಕ್ಕೆ ಮೊದಲೇ ಅವಕಾಶ ಕೊಟ್ಟಿರಲಿಲ್ಲ. ಲೂಥರ್ ಪಾಠ ಹೇಳುತ್ತಿದ್ದ ವಿಟೆನ್‌ಬರ್ಗ್ ವಿಶ್ವವಿದ್ಯಾಲಯವೂ 1502ರಲ್ಲಿ ಫ್ರೆಡರಿಕನೇ ಸ್ಥಾಪಿಸಿದ್ದು.

ಇದರ ಜೊತೆಗೆ 1519ರಲ್ಲಿ ಜರ್ಮನಿಯನ್ನೊಳಗೊಂಡ ಪವಿತ್ರ ರೋಮನ್ ಸಾಮ್ರಾಜ್ಯಕ್ಕೆ ನಡೆದ ಚಕ್ರವರ್ತಿ ಚುನಾವಣೆಯನ್ನೂ ಗಮನಿಸಬೇಕು. ಹ್ಯಾಬ್ಸ್‌ಬರ್ಗ್‌ನ ಚಾರ್ಲ್ಸ್ ಗೆಲ್ಲಬಾರದೆಂದು ಬಯಸಿದ್ದ ಪೋಪ್ ಹತ್ತನೆಯ ಲಿಯೊನಿಗೆ, ಚಕ್ರವರ್ತಿಯನ್ನು ಆರಿಸುವ ಹಕ್ಕಿದ್ದ ಏಳೇ ಮತದಾರರಲ್ಲಿ ಒಬ್ಬನಾದ ಫ್ರೆಡರಿಕ್‌ನನ್ನು ಎದುರುಹಾಕಿಕೊಳ್ಳುವುದು ಆಗ ಸಾಧ್ಯವಿರಲಿಲ್ಲ. ಆ ಬಿಡುವಿನಲ್ಲಿ ಲೂಥರನ ಬರಹಗಳು ಮುದ್ರಣಾಲಯಗಳಿಂದ ಜರ್ಮನಿಯ ತುಂಬ ಹರಡಿದವು. 1521ರಲ್ಲಿ ಲೂಥರನನ್ನು ವಿಚಾರಿಸಿದ ಸಾಮ್ರಾಜ್ಯದ ವೋರ್ಮ್ಸ್ ಸಭೆಯ ನಂತರ ಅವನನ್ನು ವಾರ್ಟ್‌ಬುರ್ಗ್ ಕೋಟೆಯಲ್ಲಿ ಅಡಗಿಸಿಟ್ಟದ್ದೂ ಫ್ರೆಡರಿಕ್‌ನ ಕಡೆಯವರೇ.

 

ಹಾಗೆಂದು ಫ್ರೆಡರಿಕ್‌ನಲ್ಲಿ ಶ್ರದ್ಧೆಯೇ ಇರಲಿಲ್ಲವೆಂದು ನಾನು ಹೇಳಲಾರೆ. 1525ರ ಮೇ ತಿಂಗಳಲ್ಲಿ ಮರಣಶಯ್ಯೆಯಲ್ಲಿದ್ದ ಅವನು (ಸಾಮಾನ್ಯ ಭಕ್ತರಿಗೆ ರೊಟ್ಟಿ ಮಾತ್ರ ಕೊಡುತ್ತಿದ್ದ ಕ್ಯಾಥೊಲಿಕ್ ಪದ್ಧತಿಯನ್ನು ಬಿಟ್ಟು) ಲೂಥರನಂಥ ಸುಧಾರಕರ ಪದ್ಧತಿಯಂತೆ ರೊಟ್ಟಿ ಮತ್ತು ದ್ರಾಕ್ಷಾರಸ ಎರಡನ್ನೂ ಪ್ರಸಾದವಾಗಿ ಸ್ವೀಕರಿಸಿದ.