ಬಿಳಿ ಕಂಡದ್ದೆಲ್ಲ ಹಿಟ್ಟು ತಿಗಣೆಯಲ್ಲ

ಪ್ರಶ್ನೆ: ಚಿಕ್ಕಬಳ್ಳಾಪುರದ ಹತ್ತಿರ ನಮ್ಮದು ಒಂದು ಎಕರೆ ದ್ರಾಕ್ಷಿ. ಹಿಟ್ಟು ತಿಗಣೆಯನ್ನು ತಿನ್ನಲೆಂದು ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳು ತಂದು ಬಿಟ್ಟು 25 ದಿನವಾಯಿತು. ಬಿಟ್ಟ ಹುಳು ಅಷ್ಟಾಗಿ ಕಾಣುತ್ತಿಲ್ಲ. ಮೊದಲಿಗಿಂತ ದಪ್ಪನೆಯ ಬಿಳಿ ತಿಗಣೆಗಳು ಮಾತ್ರ ಕಾಂಡದ ಮೇಲೆ ಓಡಾಡುತ್ತಿವೆ. ಔಷಧಿ ಹೊಡೆಯಬಹುದೇ?

ಉತ್ತರ: ಬೇಡ, ಪಂಪು ಕೆಳಗಿಡಿ. ಬೆಳೆದ ಹಿಟ್ಟು ತಿಗಣೆ ಕೂತಲ್ಲೇ ರಸ ಹೀರುತ್ತದೆ, ಕೆಣಕಿದರೂ ನಿಧಾನವಾಗಿ ಸರಿಯುತ್ತದೆ ಅಷ್ಟೆ. ನೀವು ನೋಡಿದ್ದು ಬಹುಮಟ್ಟಿಗೆ ಕ್ರಿಪ್ಟೊಲೀಮಸ್‌ನ ಮರಿಗಳು. ಅವುಗಳ ಮೈಮೇಲೂ ಮೇಣದ ಬಿಳಿ ಎಳೆಗಳಿರುತ್ತವೆ. ಎಳೆ ಉದ್ದ, ಜೋಲುವಂಥದ್ದು. ಮರಿ ಒಂದು ಸೆಂಟಿಮೀಟರ್ ದಾಟಿ ಬೆಳೆಯುತ್ತದೆ. ತಿಗಣೆ ಅದರ ಅರ್ಧವೂ ಇರುವುದಿಲ್ಲ. ಕಡ್ಡಿಯಿಂದ ಮುಟ್ಟಿ ನೋಡಿ: ಮರಿ ಚುರುಕಾಗಿ ಓಡುತ್ತದೆ.

ತಾಯಿ ಹುಳು ತಿಗಣೆಯ ಹತ್ತಿಯಂಥ ಮೊಟ್ಟೆಚೀಲದಲ್ಲೇ ಮೊಟ್ಟೆಯಿಡುತ್ತದೆ. ಐದಾರು ದಿನಕ್ಕೆ ಮರಿ, ಅಲ್ಲಿಂದ ಎರಡು-ಮೂರು ವಾರ ಬರೀ ತಿನ್ನುವ ಕೆಲಸ. ಆಮೇಲೆ ಎಲೆಯ ಅಡಿ, ತೊಗಟೆಯ ಸಂದಿಯಲ್ಲಿ ಕೋಶವಾಗುತ್ತದೆ. ಅದರ ಮೇಲೂ ಬಿಳಿ ಜೂಲು ಇರುವುದರಿಂದ ತಿಗಣೆಯೆಂದು ಉಜ್ಜಿ ತೆಗೆಯುವವರುಂಟು! ಸುಮಾರು ವಾರದಲ್ಲಿ ಕಿತ್ತಳೆ ತಲೆಯ ಕಪ್ಪು ಹುಳು ಹೊರಬರುತ್ತದೆ. ಚುಕ್ಕೆ ಹುಡುಕಬೇಡಿ, ಈ ಜಾತಿಗೆ ಇಲ್ಲ. 1898ರಲ್ಲಿ ಆಸ್ಟ್ರೇಲಿಯಾದಿಂದ ನಮ್ಮ ದೇಶಕ್ಕೆ ತಂದದ್ದು ಇದನ್ನೇ.

ಕೆಲಸ ಕೆಡಿಸುವುದು ಹೆಚ್ಚಾಗಿ ಇರುವೆ. ತಿಗಣೆಯ ಅಂಟು ಸಿಹಿಗಾಗಿ ಇರುವೆಗಳು ಅದನ್ನು ಕಾಯುತ್ತ ಗುಲಗಂಜಿ ಹುಳುವನ್ನು ಓಡಿಸುತ್ತವೆ. ಕಾಂಡಕ್ಕೆ ಅಂಟುಪಟ್ಟಿ ಸುತ್ತಿದರೆ ಸಾಲದು, ಚಪ್ಪರದ ಕಂಬಗಳಿಗೂ ಸುತ್ತಿ. ನೆಲ ಮುಟ್ಟುವ ಕುಡಿಗಳನ್ನು ಕತ್ತರಿಸಿ, ಇರುವೆ ಗೂಡು ಕೆದಕಿ ತೆಗೆಯಿರಿ. ಇಮಿಡಾಕ್ಲೋಪ್ರಿಡ್ ಅಥವಾ ಪೈರೆಥ್ರಾಯ್ಡ್ ಗುಂಪಿನ ಔಷಧಿ ಬಿದ್ದರೆ ಮರಿ, ಹುಳು ಎರಡೂ ಹೋದಂತೆ. ಬುಪ್ರೊಫೆಜಿನ್ ಎಂಬ ಕೀಟನಾಶಕ ಮಿತ್ರಕೀಟಕ್ಕೆ ನಿರಪಾಯಕಾರಿ ಎನ್ನುತ್ತಾರೆ. ದೊಡ್ಡ ಹುಳುವಿಗೆ ಅಷ್ಟು ಪೆಟ್ಟಾಗದಿದ್ದರೂ ಮರಿಗಳು ಅದರಿಂದ ಹಾಳಾಗುತ್ತವೆ.

ಇನ್ನೊಮ್ಮೆ ಬಿಡಬೇಕಾದರೆ ಎಕರೆಗೆ 2000 ಹುಳು ಲೆಕ್ಕ. ತೋಟವಿಡೀ ಚೆಲ್ಲದೆ, ತಿಗಣೆ ಇರುವ ಬಳ್ಳಿಗಳಿಗೇ ಹತ್ತರಂತೆ ಸಂಜೆ ಹೊತ್ತು ಬಿಡಿ. ತಿಗಣೆಯಿಲ್ಲದ ಬಳ್ಳಿಯಲ್ಲಿ ಹುಳು ನಿಲ್ಲುವುದಿಲ್ಲ. ಚಾಟನಿ (ಬಳ್ಳಿ ಕತ್ತರಿಸುವುದು) ಆದ ಮೇಲೆ ಸಡಿಲ ತೊಗಟೆ ಸುಲಿದು ಸುಟ್ಟರೆ ಅಡಗಿದ ತಿಗಣೆ ಕಡಿಮೆಯಾಗುತ್ತದೆ.

ಗೊಂಚಲು ಆಗಲೇ ಬಣ್ಣಕ್ಕೆ ತಿರುಗಿದ್ದರೆ ಮಾತ್ರ ಈ ಹಂಗಾಮಿಗೆ ಹೆಚ್ಚು ನಿರೀಕ್ಷಿಸಬೇಡಿ. ಹುಳು ತಿಗಣೆಯನ್ನು ತಿನ್ನುತ್ತದೆ, ಹಣ್ಣಿಗೆ ಹತ್ತಿದ ಅಂಟನ್ನೂ ಕಪ್ಪು ಬೂಷ್ಟನ್ನೂ ತೆಗೆಯುವುದಿಲ್ಲ. ಅಂಥ ಗೊಂಚಲುಗಳನ್ನು ಬೇರೆಯಾಗಿಯೇ ಕೊಯ್ಯಿರಿ.