ಎಲ್ಲರೂ ತಲೆಯಾಡಿಸುವಾಗ ಏಳುವುದು ಹೇಗೆ?

ಪ್ರಶ್ನೆ: ನಮ್ಮ ವಾರ್ಡಿನ ಗ್ರಾಮಸಭೆಯಲ್ಲಿ ಮನೆ ರಿಪೇರಿ ಸಹಾಯಧನದ ನಿಬಂಧನೆಗಳನ್ನು ಮಲಯಾಳದಲ್ಲಿ ಬಿರಬಿರನೆ ಓದಿ ಮುಗಿಸಿದರು. ಕನ್ನಡದಲ್ಲಿ ಹೇಳಿ ಎನ್ನಲು ಎರಡು ಬಾರಿ ಏಳಹೊರಟೆ. ಸುತ್ತಲಿನವರೆಲ್ಲ ತಲೆಯಾಡಿಸುತ್ತಿದ್ದುದನ್ನು ಕಂಡು ಕುಳಿತುಬಿಟ್ಟೆ. ಹಾಜರಿ ಪುಸ್ತಕ ಬಂದಾಗ ಸಹಿಯನ್ನೂ ಹಾಕಿದೆ. ಹಿಂದಿರುಗುವಾಗ ಬಸ್ಸಿನಲ್ಲಿ ಪಕ್ಕದ ಮನೆಯ ಅಕ್ಕ, "ನಿನಗೆ ಗೊತ್ತಾಯಿತಾ? ನನಗೆ ಒಂದೂ ತಲೆಗೆ ಹೋಗಲಿಲ್ಲ" ಎಂದರು. ನಾನು ಅಷ್ಟು ಪುಕ್ಕಲಿಯೇ?
– ಓದುಗರೊಬ್ಬರು, ಪೆರ್ಲ (ಕೇರಳದ ಕಾಸರಗೋಡು ಜಿಲ್ಲೆ)

ಉತ್ತರ: ನಿಮ್ಮ ಪ್ರಶ್ನೆಗೆ ಅರ್ಧ ಉತ್ತರವನ್ನು ಆ ಅಕ್ಕನೇ ಬಸ್ಸಿನಲ್ಲಿ ಹೇಳಿದ್ದಾರೆ. ನೀವು ಅವರ ಮುಖ ನೋಡಿ ಕುಳಿತಿರಿ. ಅವರು ಬಹುಶಃ ನಿಮ್ಮ ಮುಖ ನೋಡಿಯೇ ತಲೆಯಾಡಿಸಿದರು. 1968ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಲಟಾನೆ ಮತ್ತು ಡಾರ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಿದ್ಯಾರ್ಥಿಗಳು ಫಾರಂ ತುಂಬುತ್ತಿದ್ದ ಕೋಣೆಯೊಳಕ್ಕೆ ಗೋಡೆಯ ಕಿಂಡಿಯಿಂದ ಹೊಗೆ ಬಿಡಲಾಯಿತು. ಒಂಟಿಯಾಗಿದ್ದವರಲ್ಲಿ ಮುಕ್ಕಾಲು ಪಾಲು ಜನ ಎದ್ದು ಹೋಗಿ ತಿಳಿಸಿದರು. ಏನೂ ಆಗದವರಂತೆ ಕುಳಿತ ಇಬ್ಬರು ಜೊತೆಗಿದ್ದಾಗ ಹಾಗೆ ತಿಳಿಸಿದವರು ಹತ್ತರಲ್ಲಿ ಒಬ್ಬರು ಮಾತ್ರ. ಉಳಿದವರು ಕೆಮ್ಮುತ್ತ, ಕಣ್ಣುಜ್ಜುತ್ತ, ಇದು ಬೆಂಕಿಯ ಹೊಗೆಯಲ್ಲ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು ಬರೆಯುತ್ತಲೇ ಇದ್ದರು. ಅವರನ್ನು ಪುಕ್ಕಲರೆನ್ನಲು ನನಗೆ ಮನಸ್ಸಾಗದು. ಇತರರ ಮೌನವನ್ನು ತಿಳುವಳಿಕೆಯೆಂದು ಓದಿಕೊಂಡದ್ದೇ ಅವರು ಎಡವಿದ ಜಾಗ, ನೀವು ಎಡವಿದ ಜಾಗವೂ ಅದೇ.

ಇದಲ್ಲದೆ, ಕನ್ನಡ ಬೇಕೆಂದರೆ ಜಗಳಕ್ಕೆ ಬಂದವರೆಂದು ತಿಳಿದಾರು ಎಂಬ ಅಳುಕು ನಮ್ಮ ಗಡಿನಾಡಿನಲ್ಲಿ ಸಣ್ಣದಲ್ಲ. ಆದರೆ ಕನ್ನಡ ಅಲ್ಪಸಂಖ್ಯಾತರು ತಮ್ಮ ಪ್ರದೇಶದ ಸ್ಥಳೀಯ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು ಎಂದು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯೇ ಹೇಳುತ್ತದೆ. ಕಾಯ್ದೆ ಒಪ್ಪಿದ್ದನ್ನು ಕೇಳುವುದು ಯಾರ ಭಾಷೆಗೂ ಅವಮಾನವಲ್ಲ.

ಮುಂದಿನ ಸಭೆಗೆ ಧೈರ್ಯ ಕೂಡಿಸಿಕೊಳ್ಳುತ್ತ ಕೂರಬೇಡಿ, ಅಕ್ಕನನ್ನು ಕೂಡಿಸಿಕೊಳ್ಳಿ. 1950ರ ದಶಕದಲ್ಲಿ ಮನೋವಿಜ್ಞಾನಿ ಸಾಲಮನ್ ಆಶ್ ಗೆರೆಗಳ ಉದ್ದ ಹೋಲಿಸಲು ಹೇಳಿದ ಪ್ರಯೋಗಗಳಲ್ಲಿ, ಗುಂಪಿನ ಉಳಿದವರು ಮೊದಲೇ ಹೇಳಿಕೊಟ್ಟಂತೆ ಒಕ್ಕೊರಲಿನಿಂದ ತಪ್ಪು ಹೇಳಿದಾಗ, ಪರೀಕ್ಷೆಗೊಳಗಾದವರ ಸುಮಾರು ಮೂರನೆಯ ಒಂದು ಭಾಗ ಉತ್ತರಗಳು ಗುಂಪಿನತ್ತ ವಾಲಿದವು. ಗುಂಪಿನೊಳಗೆ ಒಬ್ಬನೇ ಒಬ್ಬ ಸರಿಯಾದದ್ದನ್ನು ಹೇಳಿದರೆ ಆ ವಾಲುವಿಕೆ ಬಹುಮಟ್ಟಿಗೆ ಇಳಿಯುತ್ತಿತ್ತು. ಆದ್ದರಿಂದ ಇಬ್ಬರೂ ಪಕ್ಕಪಕ್ಕದಲ್ಲಿ ಕುಳಿತುಕೊಳ್ಳಿ. "ಇದನ್ನು ಒಮ್ಮೆ ಕನ್ನಡದಲ್ಲಿ ಹೇಳುತ್ತೀರಾ?" ಎಂಬ ವಾಕ್ಯವನ್ನು ಮನೆಯಲ್ಲೇ ಗಟ್ಟಿಮಾಡಿಕೊಳ್ಳಿ; ಮೊದಲ ವಿಷಯ ಓದಿ ಮುಗಿದ ಕೂಡಲೇ ನೀವು ಏಳುವುದು, "ನಮಗೂ ಬೇಕು" ಎಂದು ಅವರು ದನಿಗೂಡಿಸುವುದು ಎಂದು ಮೊದಲೇ ನಿಶ್ಚಯಿಸಿಕೊಳ್ಳಿ. ಮೂರು ವಿಷಯಗಳಿಗೆ ಸುಮ್ಮನಿದ್ದು ನಾಲ್ಕನೆಯದಕ್ಕೆ ಏಳುವುದು ಬಹಳ ಕಷ್ಟ, ಏಕೆಂದರೆ ಆಗ ಹಿಂದಿನ ಮೌನಕ್ಕೂ ಕಾರಣ ಹೇಳಬೇಕೆಂದು ಅನಿಸತೊಡಗುತ್ತದೆ.

ಹಾಜರಿಗೆ ಹಾಕಿದ ಸಹಿ ನೀವು ಬಂದಿದ್ದಿರೆಂದಷ್ಟೇ ಹೇಳುತ್ತದೆ, ಅದಕ್ಕಾಗಿ ಕೊರಗಬೇಡಿ. ಸಹಾಯಧನದ ನಿಬಂಧನೆಗಳನ್ನು ಕನ್ನಡದಲ್ಲಿ ಬರೆದು ಕೊಡುವಂತೆ ಕೇಳುವ ಅರ್ಜಿಯೊಂದನ್ನು ಈ ವಾರವೇ ಬರೆಯಿರಿ, ನಿಮ್ಮ ಹೆಸರಿನ ಕೆಳಗೆ ಅಕ್ಕನ ಸಹಿಗೂ ಜಾಗ ಬಿಡಿ.