ಪಾಲು ಮತ್ತು ಪಾಲುದಾರರು: ಫ್ರಾಂಕ್ ದೊರೆಗಳ ಕುರಿತ ಲೇಖನಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

‘ಹಂಚಿ ಹಾಳಾದ ರಾಜ್ಯ’ ಎಂಬ ನಿಮ್ಮ ಲೇಖನವನ್ನು ಪೂರ್ತಿಯಾಗಿ ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ನಿಮ್ಮ ಕನ್ನಡ ಚೆನ್ನಾಗಿದೆ, ಇಂದಿನ ಫ್ರಾನ್ಸ್ ಮತ್ತು ಅದರ ನೆರೆಯ ನಾಡುಗಳನ್ನು ಆಳಿದ ಫ್ರಾಂಕರ ಬಗ್ಗೆ ನಮ್ಮಲ್ಲಿ ಬರೆಯುವವರು ತೀರ ಕಡಿಮೆ, ಆದ್ದರಿಂದ ಎರಡು ಸಾಲಿನ ವಿಷಾದಪತ್ರ ಬರೆದು ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ. ನಿಮ್ಮ ವಾದ ಇಷ್ಟು: ಫ್ರಾಂಕ್ ದೊರೆ ಕ್ಲೋವಿಸ್ ಕಟ್ಟಿದ ರಾಜ್ಯವನ್ನು ಅವನ ಮಕ್ಕಳು 511ರಲ್ಲಿ ನಾಲ್ಕು ಪಾಲು ಮಾಡಿಕೊಂಡರು, ಹಿರಿಯ ಮಗನಿಗೆ ಪಟ್ಟ ಕಟ್ಟುವ ವಿವೇಕ ಫ್ರಾಂಕರಿಗೆ ಇರಲಿಲ್ಲ, ಫ್ರಾಂಕರ ಹಳೆಯ ಸಂಹಿತೆಯಾದ ಸ್ಯಾಲಿಕ್ ಕಾನೂನು ಈ ಹಂಚಿಕೆಯನ್ನು ಕಡ್ಡಾಯ ಮಾಡಿತ್ತು ಮತ್ತು ಹೆಂಗಸರನ್ನು ಸಿಂಹಾಸನದಿಂದ ದೂರವಿಟ್ಟಿತ್ತು, ಇದರ ಫಲವಾಗಿ ಕ್ಲೋವಿಸ್‌ನ ಮೆರೋವಿಂಜಿಯನ್ ವಂಶ 751ರಲ್ಲಿ ಪಟ್ಟ ಕಳೆದುಕೊಂಡಿತು, ಅವರ ನಂತರ ಪಟ್ಟಕ್ಕೆ ಬಂದು ಅದೇ ತಪ್ಪು ಮಾಡಿದ ಕ್ಯಾರೋಲಿಂಜಿಯನ್ನರ ಸಾಮ್ರಾಜ್ಯ 843ರ ವರ್ಡನ್ ಒಪ್ಪಂದದಲ್ಲಿ ಮೂರು ಚೂರಾಯಿತು. ಓದಲು ಸರಾಗವಾಗಿರುವ ಈ ಸರಣಿಯ ಬಹುಪಾಲು ಕೊಂಡಿಗಳು ಕೈಯಿಟ್ಟರೆ ಕಳಚಿಕೊಳ್ಳುತ್ತವೆ.

751ರ ಮಾತನ್ನೇ ಮೊದಲು ನೋಡೋಣ. ಹಂಚಿಕೆಯೇ ರೋಗವಾಗಿದ್ದರೆ, 511ರಲ್ಲಿ, ಮತ್ತೆ 561ರಲ್ಲಿ ನಾಲ್ಕು ಪಾಲಾದ ರಾಜ್ಯ 240 ವರ್ಷ ಒಂದೇ ವಂಶದ ಕೈಯಲ್ಲಿ ಉಳಿದದ್ದು ಹೇಗೆ ಎಂದು ನೀವು ಕೇಳಿಕೊಳ್ಳಬೇಕಿತ್ತು. ಒಂದನೆಯ ಕ್ಲೋಥಾರ್ 558ರಲ್ಲಿ, ಎರಡನೆಯ ಕ್ಲೋಥಾರ್ 613ರಲ್ಲಿ ಇಡೀ ರಾಜ್ಯವನ್ನು ಒಂದುಗೂಡಿಸಿದರು; ಅಂದರೆ ಪಾಲಾದದ್ದು ಮತ್ತೆ ಕೂಡುವುದು ಆ ವಂಶಕ್ಕೆ ಅಪರೂಪದ ಸಂಗತಿಯಾಗಿರಲಿಲ್ಲ. ಇನ್ನೊಂದು ಸಂಗತಿ ನಿಮ್ಮ ವಾದಕ್ಕೆ ನೇರ ವಿರುದ್ಧವಾಗಿದೆ. 679ರಲ್ಲಿ ಎರಡನೆಯ ಡಾಗೊಬರ್ಟ್ ಸತ್ತ ಮೇಲೆ ಬಹುಪಾಲು ಒಬ್ಬನೇ ಮೆರೋವಿಂಜಿಯನ್ ದೊರೆ ಇದ್ದ, ಪಾಲಿನ ಪ್ರಶ್ನೆ ಏಳಲೇ ಇಲ್ಲ. ದೊರೆಗಳ ಕೈಯಿಂದ ಅಧಿಕಾರ ಜಾರಿ, ದೊರೆಯ ಹೆಸರಿನಲ್ಲಿ ಆಡಳಿತ ನಡೆಸುತ್ತಿದ್ದ ಅರಮನೆಯ ಮೇಯರ್‌ಗಳ ಪಾಲಾದದ್ದು ಇದೇ ಕಾಲದಲ್ಲಿ. ಹಂಚಿಕೆಯ ಕಾಲದಲ್ಲಿ ಬಲವಾಗಿದ್ದ ವಂಶ ಹಂಚಿಕೆ ನಿಂತ ಕಾಲದಲ್ಲಿ ಬಲಗುಂದಿದ್ದನ್ನು ವಿವರಿಸದೆ ನಿಮ್ಮ ಶೀರ್ಷಿಕೆಯನ್ನು ಉಳಿಸಿಕೊಳ್ಳಲಾಗದು.

ಸ್ಯಾಲಿಕ್ ಕಾನೂನಿನ ಬಗ್ಗೆ ನೀವು ಬರೆದಿರುವ ಪುಟವನ್ನು ಪೂರ್ತಿಯಾಗಿ ತೆಗೆದುಹಾಕಿ. ಆ ಸಂಹಿತೆಯ ಪಿತ್ರಾರ್ಜಿತ ಕುರಿತ ಭಾಗ ಹೇಳುವುದು ಕುಟುಂಬಗಳ ಜಮೀನಿನ ಬಗ್ಗೆ. ‘ಸ್ಯಾಲಿಕ್ ಭೂಮಿ’ ಹೆಣ್ಣಿಗೆ ಹೋಗಬಾರದು ಎಂಬುದು ಅದರ ವಿಧಿ. ಆರನೆಯ ಶತಮಾನದಲ್ಲೇ ಚಿಲ್ಪೆರಿಕ್ ದೊರೆಯ ಆಜ್ಞೆಯೊಂದು ಗಂಡುಮಕ್ಕಳಿಲ್ಲದಲ್ಲಿ ಮಗಳಿಗೆ ಜಮೀನು ಸೇರುವಂತೆ ಅದನ್ನು ಸಡಿಲಿಸಿತು. ಕಿರೀಟದ ಮಾತು ಅಲ್ಲಿ ಎಲ್ಲಿಯೂ ಇಲ್ಲ. 1316ರಲ್ಲಿ ಫ್ರಾನ್ಸಿನ ಐದನೆಯ ಫಿಲಿಪ್ ತನ್ನ ಅಣ್ಣನ ಮಗಳನ್ನು ಬದಿಗೆ ಸರಿಸಿ ಪಟ್ಟವೇರಿದ ಮೇಲೆ, ಅಂಥ ನಡೆಗೆ ಸಮರ್ಥನೆ ಹುಡುಕುತ್ತಿದ್ದವರು ಕೆಲವು ದಶಕಗಳ ನಂತರ ಈ ಹಳೆಯ ಸಂಹಿತೆಗೆ ಆ ಅರ್ಥ ಹಚ್ಚಿದರು. ಅದನ್ನು ಕ್ಲೋವಿಸ್‌ನ ಆಸ್ಥಾನಕ್ಕೆ ಕೊಂಡೊಯ್ದರೆ ಎಂಟು ಶತಮಾನಗಳ ಅಂತರ ಅಳಿಸಿಹೋಗುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಿಮ್ಮ ಲೇಖನದ ಉದ್ದಕ್ಕೂ ದೃಷ್ಟಿ ನೆಲದ ಮೇಲಿದೆ: ಯಾವ ಪ್ರಾಂತ ಯಾರಿಗೆ ಹೋಯಿತು, ಗಡಿ ಎಲ್ಲಿ ಬಿತ್ತು. ಆದರೆ ಪಾಲು ಕೇಳಲು ಯಾರು ಅರ್ಹರು, ಅದನ್ನು ತೀರ್ಮಾನಿಸುವವರು ಯಾರು ಎಂಬುದನ್ನು ನೀವು ಎಲ್ಲಿಯೂ ವಿಚಾರಿಸಿಲ್ಲ. ಜಮೀನು ಪಾಲಾದ ಮನೆಯನ್ನು ಹತ್ತಿರದಿಂದ ಕಂಡವರಿಗೆ ತಿಳಿದಿರುವಂತೆ ಅಳತೆಯ ಹಗ್ಗ ಬರುವುದು ಕೊನೆಗೆ, ಪಾಲುದಾರರ ಪಟ್ಟಿಯ ಜಗಳವೇ ಮೊದಲು. ಫ್ರಾಂಕ್ ದೊರೆತನದ ಕಥೆ ಇರುವುದು ಆ ಪಟ್ಟಿಯಲ್ಲಿ.

ನೀವು ಒಂದು ವಾಕ್ಯದಲ್ಲಿ ದಾಟಿಹೋದ ಪ್ರಸಂಗವನ್ನು ನೋಡಿ. ಕ್ಲೋವಿಸ್‌ನ ಮಗ ಕ್ಲೋಡೋಮರ್ 524ರಲ್ಲಿ ಬರ್ಗಂಡಿಯನ್ನರ ಮೇಲಿನ ಯುದ್ಧದಲ್ಲಿ ಸತ್ತಾಗ ಅವನಿಗೆ ಮೂವರು ಗಂಡುಮಕ್ಕಳಿದ್ದರು. ಅಜ್ಜಿ ಕ್ಲೋಟಿಲ್ಡಾ ಅವರನ್ನು ಸಾಕುತ್ತಿದ್ದಳು. ಚಿಕ್ಕಪ್ಪಂದಿರಾದ ಚಿಲ್ಡೆಬರ್ಟ್ ಮತ್ತು ಕ್ಲೋಥಾರ್ ಮಕ್ಕಳನ್ನು ವಶಪಡಿಸಿಕೊಂಡು, ಅಜ್ಜಿಯ ಬಳಿಗೆ ಒಂದು ಕತ್ತರಿಯನ್ನೂ ಒರೆ ಕಳಚಿದ ಕತ್ತಿಯನ್ನೂ ಕಳುಹಿಸಿದರೆಂದು ಟೂರ್ ನಗರದ ಬಿಷಪ್ ಗ್ರೆಗರಿ ಬರೆಯುತ್ತಾನೆ. ಉದ್ದ ಕೂದಲು ಮೆರೋವಿಂಜಿಯನ್ನರ ರಾಜಲಕ್ಷಣ. ಕೂದಲು ಕತ್ತರಿಸಿದರೆ ಹುಡುಗ ಬದುಕುತ್ತಾನೆ, ಹಕ್ಕು ಸಾಯುತ್ತದೆ. ಪಟ್ಟವಿಲ್ಲದೆ ಕೂದಲು ಕಳೆದುಕೊಳ್ಳುವುದಕ್ಕಿಂತ ಸಾವೇ ಮೇಲೆಂದು ಅಜ್ಜಿ ದುಃಖದ ಆವೇಶದಲ್ಲಿ ನುಡಿದಳಂತೆ. ಹತ್ತು ಮತ್ತು ಏಳು ವರ್ಷದ ಇಬ್ಬರು ಹುಡುಗರನ್ನು ಚಿಕ್ಕಪ್ಪಂದಿರು ಕೊಂದರು, ಮೂರನೆಯವನಾದ ಕ್ಲೋಡೋಆಲ್ಡ್ ತಪ್ಪಿಸಿಕೊಂಡು ತನ್ನ ಕೈಯಾರೆ ಕೂದಲು ಕತ್ತರಿಸಿಕೊಂಡು ಪಾದ್ರಿಯಾದ. ಇದನ್ನು ನೀವು ‘ಬರ್ಬರ ಕ್ರೌರ್ಯ’ ಎಂದು ಬರೆದು ಮುಗಿಸಿದ್ದೀರಿ. ಕ್ರೌರ್ಯ ಹೌದು, ಆದರೆ ಲೆಕ್ಕವಿರುವ ಕ್ರೌರ್ಯ: ಅಣ್ಣನ ಮಕ್ಕಳು ಪಟ್ಟಿಯಿಂದ ಹೊರಬಿದ್ದರೆ ಮಾತ್ರ ಅಣ್ಣನ ಪಾಲು ತಮ್ಮಂದಿರಿಗೆ. ಇದೇ ಚಿಕ್ಕಪ್ಪಂದಿರು ಕೆಲವು ವರ್ಷಗಳಲ್ಲಿ ಇನ್ನೊಬ್ಬ ಅಣ್ಣ ಥ್ಯೂಡೆರಿಕ್ ಸತ್ತಾಗ ಅವನ ಮಗ ಥ್ಯೂಡೆಬರ್ಟ್‌ನ ಮೇಲೂ ಕೈಮಾಡಲು ಹೋಗಿ ಸೋತರು. ಅವನು ಪ್ರಾಯಕ್ಕೆ ಬಂದವನಾಗಿದ್ದ, ಅವರಿಗೆ ಉಡುಗೊರೆ ಕೊಟ್ಟು ಸುಮ್ಮನಾಗಿಸಿದ, ತಂದೆಯ ಅನುಯಾಯಿಗಳು ಅವನ ಬೆನ್ನಿಗೆ ನಿಂತರು. ಎರಡೂ ಕಡೆ ಸಂಪ್ರದಾಯ ಒಂದೇ, ಫಲ ಮಾತ್ರ ಬೇರೆ. ಈ ವ್ಯತ್ಯಾಸವನ್ನು ಬಿಡಿಸಿ ತೋರಿಸಿದ್ದರೆ ನಿಮ್ಮ ಲೇಖನಕ್ಕೆ ಬೆನ್ನೆಲುಬು ಬರುತ್ತಿತ್ತು.

ತಾಯಿಯ ಕುಲವನ್ನು ಲೆಕ್ಕಿಸದೆ ದೊರೆಗೆ ಹುಟ್ಟಿದವರೆಲ್ಲ ದೊರೆಮಕ್ಕಳೇ ಎಂಬ ನಿಯಮವನ್ನು ಗ್ರೆಗರಿ ದಾಖಲಿಸಿದ್ದಾನೆ. ಹಾಗಿದ್ದ ಮೇಲೆ ತಂದೆ ಯಾರು ಎಂಬುದೊಂದೇ ಪ್ರಶ್ನೆ ಉಳಿಯುತ್ತದೆ, ಅದಕ್ಕೆ ಸಾಕ್ಷಿ ತರುವುದು ಸುಲಭವಲ್ಲ. ಗುಂಡೋವಾಲ್ಡ್ ಎಂಬವನನ್ನು ತಾಯಿ ಉದ್ದ ಕೂದಲು ಬಿಡಿಸಿ ಕ್ಲೋಥಾರ್‌ನ ಮಗನೆಂದೇ ಬೆಳೆಸಿದಳು. ಕ್ಲೋಥಾರ್ ಅವನು ತನ್ನವನಲ್ಲವೆಂದು ಕೂದಲು ಕತ್ತರಿಸಿದ. ಕೂದಲು ಮತ್ತೆ ಬೆಳೆಯಿತು, ಹಕ್ಕುದಾರಿಕೆಯೂ ಬೆಳೆಯಿತು. ಕಾನ್‌ಸ್ಟಾಂಟಿನೋಪಲ್‌ನಲ್ಲಿ ನೆಲೆಸಿದ್ದ ಅವನು ಹಿಂದಿರುಗಿ ಬಂದು, ಅತೃಪ್ತ ಸರದಾರರ ಬೆಂಬಲದಿಂದ ಗುರಾಣಿಯ ಮೇಲೆ ಎತ್ತಿಸಿಕೊಂಡು ದೊರೆಯೆನಿಸಿ, 585ರಲ್ಲಿ ಕೊಮಾಂಜ್‌ನಲ್ಲಿ ಹತನಾದ. ಅದೇ ವರ್ಷ ಕ್ಲೋಥಾರ್‌ನ ಮಗ ಗುಂಟ್ರಮ್ ದೊರೆ, ಕೊಲೆಯಾದ ತಮ್ಮ ಚಿಲ್ಪೆರಿಕ್‌ನ ಕೂಸು ನಿಜವಾಗಿ ತಮ್ಮನದೇ ಹೌದೇ ಎಂದು ಸಂಶಯಪಟ್ಟಾಗ, ತಾಯಿ ಫ್ರೆಡೆಗುಂಡ್ ಮೂವರು ಬಿಷಪ್ಪರನ್ನೂ ಮುನ್ನೂರು ಪ್ರಮುಖರನ್ನೂ ಕರೆಸಿ ಪ್ರಮಾಣ ಮಾಡಿಸಿದಳು. ಆ ಕೂಸೇ 613ರಲ್ಲಿ ಇಡೀ ರಾಜ್ಯಕ್ಕೆ ಒಡೆಯನಾದ ಎರಡನೆಯ ಕ್ಲೋಥಾರ್. ನೀವು ಅವನ ಗೆಲುವನ್ನು ವರ್ಣಿಸಿದ್ದೀರಿ, ಅವನನ್ನು ದೊರೆಮಗನನ್ನಾಗಿ ಮಾಡಿದ ಆ ಮುನ್ನೂರು ಜನರನ್ನು ಬಿಟ್ಟಿದ್ದೀರಿ. ಹೆಂಗಸರಿಗೆ ಪಾತ್ರವಿರಲಿಲ್ಲ ಎಂಬ ನಿಮ್ಮ ಮಾತಿಗೂ ಇದೇ ಉತ್ತರ. ಸ್ವಂತ ಹೆಸರಿನಲ್ಲಿ ಅವರು ಆಳಲಿಲ್ಲ, ಆದರೆ ಇನ್ನೊಬ್ಬ ರಾಣಿ ಬ್ರುನ್‌ಹಿಲ್ಡ್ ಮೊದಲು ಮಗನ, ಆಮೇಲೆ ಮೊಮ್ಮಕ್ಕಳ, ಕೊನೆಗೆ ಮರಿಮಗನ ಹೆಸರಿನಲ್ಲಿ ಅಧಿಕಾರ ನಡೆಸಿದಳು.

ಹಂಚಿಕೆಯ ಬಗೆಗೂ ಒಂದು ಮಾತು ಹೇಳಬೇಕು. 511ರ ನಾಲ್ಕು ರಾಜಧಾನಿಗಳಾದ ಪ್ಯಾರಿಸ್, ಓರ್ಲೆಯಾನ್, ಸ್ವಾಸೋನ್ ಮತ್ತು ರೀಮ್ಸ್ ದೂರದ ನಾಲ್ಕು ಮೂಲೆಗಳಲ್ಲಿರಲಿಲ್ಲ. ಉಳಿದ ಮೂರೂ ಪ್ಯಾರಿಸ್‌ನಿಂದ ಸುಮಾರು 150 ಕಿಲೋಮೀಟರಿನೊಳಗಿವೆ. ದಕ್ಷಿಣದ ಅಕ್ವಿಟೇನ್‌ನಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ ನಗರಗಳು ಸಿಕ್ಕಿದವು. ನಾಲ್ಕು ದೇಶಗಳ ಹುಟ್ಟು ಎಂದು ನೀವು ಬರೆದದ್ದಕ್ಕೆ ಇದು ಹೊಂದುವುದಿಲ್ಲ, ಏಕೆಂದರೆ ಪಾಲಾದದ್ದು ನಗರಗಳು ಮತ್ತು ಅವುಗಳ ಆದಾಯ. 567ರಲ್ಲಿ ಒಂದನೆಯ ಕ್ಲೋಥಾರ್‌ನ ಮಗ ಚಾರಿಬರ್ಟ್ ಗಂಡುಸಂತಾನವಿಲ್ಲದೆ ಸತ್ತಾಗ ಉಳಿದ ಮೂವರು ಸಹೋದರರು ಅವನ ನಗರಗಳನ್ನು ಹಂಚಿಕೊಂಡು, ಪರಸ್ಪರ ಒಪ್ಪಿಗೆಯಿಲ್ಲದೆ ಯಾರೂ ಪ್ಯಾರಿಸ್ ಪ್ರವೇಶಿಸಬಾರದೆಂದು ಶಾಪಸಹಿತವಾದ ಕರಾರು ಮಾಡಿಕೊಂಡರು. ಮುಂದೆ ಚಿಲ್ಪೆರಿಕ್‌ಗೆ ಈಸ್ಟರ್ ಹಬ್ಬಕ್ಕೆ ಅಲ್ಲಿಗೆ ಹೋಗಬೇಕಾಗಿ ಬಂದಾಗ, ಶಾಪ ತಟ್ಟದಿರಲೆಂದು ಸಂತರ ಅವಶೇಷಗಳನ್ನು ಮುಂದೆ ಹೊರಿಸಿಕೊಂಡು ನಗರ ಹೊಕ್ಕ! ಕರಾರು ಮುರಿಯುವವನೂ ಕರಾರಿಗೆ ಹೀಗೆ ಅಂಜುತ್ತಿದ್ದನೆಂಬುದನ್ನು ಓದುಗರು ತಿಳಿಯಬೇಕು.

ಕ್ಯಾರೋಲಿಂಜಿಯನ್ನರ ಭಾಗದಲ್ಲಿ ನೀವು ಶಾರ್ಲಮೇನ್‌ನ ಯುದ್ಧಗಳಿಗೆ ನಾಲ್ಕು ಪುಟ ಕೊಟ್ಟಿದ್ದೀರಿ. ಅವು ಈ ಲೇಖನಕ್ಕೆ ಬೇಡ. 771ರಲ್ಲಿ ಅವನ ತಮ್ಮ ಕಾರ್ಲೋಮನ್ ಸತ್ತ ಕೂಡಲೇ ತಮ್ಮನ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಲೊಂಬಾರ್ಡರ ಆಶ್ರಯಕ್ಕೆ ಓಡಿದ್ದು ಬೇಕು. ಅವಳಿಗೆ ಭಯ ಏತಕ್ಕೆಂದು ಈಗ ಯಾರಿಗಾದರೂ ಅರ್ಥವಾಗುತ್ತದೆ. 806ರಲ್ಲಿ ಇದೇ ಶಾರ್ಲಮೇನ್ ಮೂವರು ಗಂಡುಮಕ್ಕಳ ನಡುವೆ ರಾಜ್ಯವನ್ನು ವಿಭಾಗಿಸುವ ಶಾಸನ ಹೊರಡಿಸಿದಾಗ, ಅವರಲ್ಲೊಬ್ಬನ ಮಗನನ್ನು ಜನರು ತಂದೆಯ ಪಾಲಿಗೆ ಆರಿಸಿದರೆ ದೊಡ್ಡಪ್ಪ ಚಿಕ್ಕಪ್ಪಂದಿರು ಒಪ್ಪಬೇಕೆಂದೂ, ತನ್ನ ಮೊಮ್ಮಕ್ಕಳಲ್ಲಿ ಯಾರನ್ನೂ ನ್ಯಾಯವಾದ ವಿಚಾರಣೆಯಿಲ್ಲದೆ ಕೊಲ್ಲಿಸಬಾರದು, ಅಂಗಭಂಗ ಮಾಡಿಸಬಾರದು, ಕಣ್ಣು ಕೀಳಿಸಬಾರದು, ಬಲವಂತವಾಗಿ ಮುಡಿ ತೆಗೆಸಬಾರದೆಂದೂ ಬರೆಸಿದ. ಮೂವರಲ್ಲಿ ಉಳಿದವನು ಲೂಯಿ ಒಬ್ಬನೇ. ಅವನ 817ರ ಶಾಸನ, ದೇವರು ಕಾಪಾಡಿದ ಸಾಮ್ರಾಜ್ಯದ ಏಕತೆಯನ್ನು ಮಕ್ಕಳ ಮೇಲಿನ ಪ್ರೀತಿಗಾಗಿ ಮನುಷ್ಯರು ಒಡೆಯಬಾರದೆಂದು ಹೇಳಿ, ಹಿರಿಯ ಮಗ ಲೋಥಾರ್‌ಗೆ ಕಿರಿಯರನ್ನು ಅಧೀನಗೊಳಿಸಿತು. ಫ್ರಾಂಕರಿಗೆ ಹೊಳೆಯಲೇ ಇಲ್ಲ ಎಂದು ನೀವು ಹಳಿದ ವಿವೇಕ ಇದೇ. ಆದರೆ ಇಟಲಿಯನ್ನು ಆಳುತ್ತಿದ್ದ ಶಾರ್ಲಮೇನ್‌ನ ಮೊಮ್ಮಗ ಬರ್ನಾರ್ಡ್‌ನ ಹೆಸರು ಆ ಶಾಸನದಲ್ಲಿ ಇರಲಿಲ್ಲ. ಅವನು ಬಂಡೆದ್ದ, 818ರಲ್ಲಿ ವಿಚಾರಣೆ ನಡೆಸಿಯೇ ಅವನ ಕಣ್ಣು ಕೀಳಿಸಿದರು, ಆ ಗಾಯದಿಂದ ಸತ್ತ. 806ರ ಶಾಸನದ ಅಕ್ಷರ ಉಳಿಯಿತು. ಲೂಯಿ ತನ್ನ ಮಲತಮ್ಮಂದಿರ ಮುಡಿಯನ್ನೂ ತೆಗೆಸಿ ಮಠಗಳಿಗೆ ಕಳುಹಿಸಿದ, 822ರಲ್ಲಿ ಅಟಿನ್ಯಿಯಲ್ಲಿ ಎಲ್ಲರೆದುರು ಪ್ರಾಯಶ್ಚಿತ್ತ ಮಾಡಿಕೊಂಡ. ಮರುವರ್ಷ ಎರಡನೆಯ ಹೆಂಡತಿ ಜೂಡಿತ್‌ಗೆ ಗಂಡುಮಗು ಹುಟ್ಟಿ ಪಟ್ಟಿಗೆ ಹೊಸ ಹೆಸರು ಸೇರಿತು. 830ರ ದಂಗೆಯಿಂದ ವರ್ಡನ್‌ವರೆಗಿನ ಸಂಕಟದ ದಾರಿ ಅಲ್ಲಿಂದ ತೊಡಗುತ್ತದೆ.

ಬರವಣಿಗೆಯ ಬಗ್ಗೆ ಹೆಚ್ಚಿಲ್ಲ. ಕೌರವ ಪಾಂಡವರ ಹೋಲಿಕೆಯಿಂದ ತುಂಬಿದ ಮೊದಲ ಮೂರು ಪ್ಯಾರಾ ಬೇಡ. ಎತ್ತಿನ ಬಂಡಿಯಲ್ಲಿ ಓಡಾಡುವ ನಿಷ್ಪ್ರಯೋಜಕ ಮೆರೋವಿಂಜಿಯನ್ ದೊರೆಗಳ ಚಿತ್ರವನ್ನು ಬರೆದವನು ಐನ್‌ಹಾರ್ಡ್. ಅವರನ್ನು ಕೆಳಗಿಳಿಸಿದ ವಂಶದ ಆಸ್ಥಾನದಲ್ಲಿದ್ದವನು ಅವನು ಎಂಬುದನ್ನು ತಿಳಿಸದೆ ಆ ಚಿತ್ರವನ್ನು ಬಳಸುವಂತಿಲ್ಲ. ಕ್ಲೋಟಿಲ್ಡಾಳ ಮಾತನ್ನು ನೀವೇ ಕೇಳಿಸಿಕೊಂಡವರಂತೆ ಉದ್ಧರಣಚಿಹ್ನೆಯೊಳಗೆ ಇಟ್ಟಿದ್ದೀರಿ. ಗ್ರೆಗರಿ ಬಿಷಪ್ಪನಾದದ್ದು 573ರಲ್ಲಿ, ಆ ಘಟನೆಗೆ ಆಗಲೇ ಹಲವು ದಶಕ ಕಳೆದಿತ್ತು.

ಎರಡು ವಂಶಗಳನ್ನೂ ಒಂದೇ ಲೇಖನದಲ್ಲಿ ತುರುಕಬೇಡಿ. ಕತ್ತರಿ ಮತ್ತು ಕತ್ತಿಯ ಪ್ರಸಂಗ ಹೆಚ್ಚು ಆಕರ್ಷಕವಾಗಿ ಕಂಡರೂ ನನ್ನ ಒಲವು 806ರಿಂದ 818ರವರೆಗಿನ ಹನ್ನೆರಡು ವರ್ಷಗಳ ಕಡೆಗಿದೆ, ಏಕೆಂದರೆ ಅಲ್ಲಿ ಎರಡು ಶಾಸನಗಳ ಪಾಠವೇ ಉಳಿದುಬಂದಿದೆ, ವದಂತಿಯನ್ನು ನಂಬಬೇಕಾಗಿಲ್ಲ. ಹೊಸ ಶೀರ್ಷಿಕೆಯೊಂದಿಗೆ, ಈಗಿನದರ ಅರ್ಧ ಉದ್ದದಲ್ಲಿ ಬರೆದು ಕಳುಹಿಸಿದರೆ ಖಂಡಿತ ಓದುತ್ತೇನೆ. ಬಣ್ಣದ ನಕ್ಷೆ ಬೇಡ; ಅದರ ಬದಲಿಗೆ ವಂಶವೃಕ್ಷವೊಂದನ್ನು ಮಾಡಿ, ಪಟ್ಟಕ್ಕೆ ಬಾರದ ಗಂಡುಮಕ್ಕಳ ಹೆಸರನ್ನೂ ಅದರಲ್ಲಿ ಬಿಡದೆ ಸೇರಿಸಿ.

ಇಂತಿ,
ಸಂಪಾದಕ